ನಗರದ ಹಸಿರು: ಕೆರೆ, ಉದ್ಯಾನಗಳಲ್ಲಿ ಬಡವರ ಪಾಲೆಷ್ಟು?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಗದ್ದೆ, ತೋಟಗಳಿಗೆ ನೀರುಣಿಸುವುದಲ್ಲದೆ ಮೀನುಗಾರರಿಗೂ ಆಸರೆಯಾಗಿದೆ. ನಲ್ಲೂರಿನಂಥ ಊರುಗಳಲ್ಲಿ ಕೆರೆಯೆಂದರೆ ಊರೊಟ್ಟಿನ ಸ್ವತ್ತು. ಅಲ್ಲಿ ಇಳಿಯಲು ಯಾರೂ ಟಿಕೆಟ್ ಕೊಳ್ಳಬೇಕಿಲ್ಲ. ಅದೇ ಕೆರೆ ಮಹಾನಗರದ ಎಲ್ಲೆಯೊಳಗೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಉದಾಹರಣೆಯಾಗಿದೆ.

ಕೆರೆ ಗುತ್ತಿಗೆ ಪ್ರಕರಣ

2002ರಲ್ಲಿ ರಾಜ್ಯ ಸರ್ಕಾರ ಕೆರೆ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು. ನಿರ್ವಹಣೆಗೆ ಹಣದ ಕೊರತೆಯಿದೆ ಎಂಬ ಕಾರಣ ನೀಡಿ ಹೆಬ್ಬಾಳ, ನಾಗವಾರ, ಅಗರ ಮುಂತಾದ ಕೆರೆಗಳನ್ನು ದೀರ್ಘಾವಧಿ ಗುತ್ತಿಗೆಯ ಮೇಲೆ ಖಾಸಗಿಯವರಿಗೆ ವಹಿಸಲಾಯಿತು. ನಾಗವಾರ ಕೆರೆಯ ದಡದಲ್ಲಿ ಪ್ರವೇಶ ಶುಲ್ಕದ ಮನರಂಜನಾ ಉದ್ಯಾನ ತಲೆಯೆತ್ತಿತು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನಗಳಿಗೆ ಹುಲ್ಲು ಕೊಯ್ಯುವವರ ರೂಢಿಗತ ಹಕ್ಕುಗಳು ಪ್ರಶ್ನೆಗೊಳಗಾದವು.

ಇದನ್ನು ವಿರೋಧಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆ 2008ರಲ್ಲಿ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ 2011ರಲ್ಲಿ ವರದಿ ನೀಡಿತು. 2012ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ಇತ್ಯರ್ಥಗೊಳಿಸಿತು.

ಹಸಿರು ಬಂದಂತೆ ಬಾಡಿಗೆಯೂ ಏರಿಕೆ

ಕೊಳಚೆ ತುಂಬಿದ ಕೆರೆ ಶುಚಿಯಾದೊಡನೆ ಸುತ್ತಲಿನ ನಿವೇಶನಗಳಿಗೆ ಬೇಡಿಕೆ ಕುದುರುತ್ತದೆ. ಬಾಡಿಗೆ ಏರುತ್ತದೆ. ಗಬ್ಬು ವಾಸನೆಯ ಕಾಲದಲ್ಲಿ ಅಲ್ಲಿ ಬದುಕಿದವರೇ ಶುಚಿಯಾದ ಬಳಿಕ ಜಾಗ ಖಾಲಿ ಮಾಡಬೇಕಾಗುತ್ತದೆ. ಈ ಪ್ರಕ್ರಿಯೆಯನ್ನು ತಜ್ಞರು ‘ಜೆಂಟ್ರಿಫಿಕೇಶನ್’ ಎಂದು ಕರೆಯುತ್ತಾರೆ. ನ್ಯೂಯಾರ್ಕ್‌ನಲ್ಲಿ ಹಳೆಯ ರೈಲು ಮೇಲ್ಸೇತುವೆಯ ಮೇಲೆ 2009ರಲ್ಲಿ ತೆರೆದ ‘ಹೈಲೈನ್’ ಉದ್ಯಾನದ ಸುತ್ತ ಆಸ್ತಿ ಬೆಲೆ ಗಗನಕ್ಕೇರಿದ್ದು ಇದಕ್ಕೆ ಹೆಸರಾಂತ ನಿದರ್ಶನ.

ಸಮಯವೂ ಒಂದು ಬೇಲಿ

ಪ್ರವೇಶ ಶುಲ್ಕವೊಂದೇ ಅಡ್ಡಿಯಲ್ಲ. ಬೆಂಗಳೂರಿನ ಬಡಾವಣೆ ಉದ್ಯಾನಗಳು ಬಹುಕಾಲ ಬೆಳಿಗ್ಗೆ ಮತ್ತು ಸಂಜೆ ಮಾತ್ರ ತೆರೆದಿರುತ್ತಿದ್ದವು. ವಾಯುವಿಹಾರಿಗಳಿಗೆ ಇದು ಅನುಕೂಲ. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳು ಹುಡುಕುವ ಪೌರಕಾರ್ಮಿಕರು, ಮನೆಗೆಲಸದ ಮಹಿಳೆಯರು, ಆಟೊ ಚಾಲಕರ ಪಾಲಿಗೆ ಗೇಟಿಗೆ ಬೀಗ. 2024ರ ಜೂನ್‌ನಲ್ಲಿ ಪಾಲಿಕೆ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಲಾಯಿತು. 1870ರಲ್ಲಿ ಆರಂಭವಾದ ಕಬ್ಬನ್ ಉದ್ಯಾನಕ್ಕೆ ಶುಲ್ಕವಿಲ್ಲ. ಲಾಲ್‌ಬಾಗ್‌ನಲ್ಲಿ ಶುಲ್ಕವಿದ್ದರೂ ಮುಂಜಾನೆಯ ನಡಿಗೆಗೆ ವಿನಾಯಿತಿಯುಂಟು.

ಕಾನೂನು ಏನು ಹೇಳುತ್ತದೆ?

ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಂಗೆ ನೀಡಿದ್ದು ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲೇ ತೀರ್ಪಿತ್ತಿದೆ. ಆ ಹೋರಾಟ ನಡೆಸಿದವರು ಬಡಾವಣೆಯ ನಿವಾಸಿಗಳು. ಕೋರ್ಟಿನ ಮೆಟ್ಟಿಲೇರುವ ಶಕ್ತಿಯಿಲ್ಲದ ಕೊಳೆಗೇರಿಗಳಲ್ಲಿ ಮೊದಲಿಗೆ ಉದ್ಯಾನದ ನಿವೇಶನವೇ ಇರುವುದಿಲ್ಲ.

ಪರ್ಯಾಯ ಮಾದರಿ

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಪಾಲಿಕೆ ಹಾಗೂ ಸ್ಥಳೀಯರು ಕೂಡಿ ಪುನಶ್ಚೇತನಗೊಳಿಸಿದರು. ಅಲ್ಲಿ ನಡಿಗೆ ಪಥದ ಜತೆಗೆ ಹುಲ್ಲು ಕೊಯ್ಯುವವರಿಗೂ ಅವಕಾಶ ಉಳಿಯಿತು. ಬೇಲಿ ಹಾಕುವ ಮುನ್ನ ಆ ಜಾಗವನ್ನು ಈಗಾಗಲೇ ಬಳಸುತ್ತಿರುವವರು ಯಾರು ಎಂದು ವಿಚಾರಿಸುವುದು ಇಂಥ ಯೋಜನೆಗಳ ಮೊದಲ ಹೆಜ್ಜೆಯಾಗಬೇಕಿದೆ. ಕೆರೆ ಅಭಿವೃದ್ಧಿಗೆ ಮುಂದಾಗುವ ಸಣ್ಣ ಪಟ್ಟಣಗಳಿಗೂ ಈ ಪಾಠ ಅನ್ವಯಿಸುತ್ತದೆ.