ಪಾಯಿಂಟ್ ಟೂಟೂ ಮತ್ತು ಅದರ ಪ್ರತಿಸ್ಪರ್ಧಿಗಳು

ಶಿಕಾರಿ ಕಥೆಗಳ ಮೂಲಕ ಬಂದೂಕನ್ನು ಬಲ್ಲ ಕನ್ನಡದ ಓದುಗರಿಗೆ ಪರಿಚಯವಿರುವುದು ಹುಲಿ, ಚಿರತೆ ಉರುಳಿಸಿದ ರೈಫಲ್‌ಗಳು: ಕೆನೆತ್ ಆ್ಯಂಡರ್ಸನ್‌ರ .405 ವಿಂಚೆಸ್ಟರ್, ಜಿಮ್ ಕಾರ್ಬೆಟ್‌ರ .275 ರಿಗ್ಬಿ. ಅಮೆರಿಕದಲ್ಲಿ ಅಳಿಲು, ಮೊಲ ಹೊಡೆಯುವವರು ಮತ್ತು ಬಿಡುವಿನಲ್ಲಿ ಗುರಿಹಲಗೆಯ ಮುಂದೆ ನಿಲ್ಲುವವರು ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ಇವುಗಳ ಮುಂದೆ ಆಟಿಕೆಯಂತೆ ಕಾಣುವ .22 ಲಾಂಗ್ ರೈಫಲ್ ತೋಟಾವನ್ನು. ಇದನ್ನು ಮೀರಿಸಬೇಕೆಂಬ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. ಬಂದ ಒಂದೊಂದು ಕ್ಯಾಲಿಬರ್ ಕೂಡ ಇದರ ಒಂದು ಕೊರತೆಯನ್ನು ನೀಗಿಸಿತು, ಜೊತೆಗೆ ಹೊಸದೊಂದನ್ನು ತಂದಿತು. ಕ್ಯಾಲಿಬರ್ ಆರಿಸುವವರು ಕೊನೆಗೆ ತೀರ್ಮಾನಿಸಬೇಕಾದದ್ದು ಯಾವ ಕೊರತೆಯೊಂದಿಗೆ ತಾವು ಬಾಳಬಲ್ಲೆವು ಎಂಬುದನ್ನೇ.

ಅಂಚಿನಲ್ಲಿ ಮದ್ದು

1845ರಲ್ಲಿ ಫ್ರಾನ್ಸಿನ ಲೂಯಿ ಫ್ಲೋಬೇರ್ ಒಂದು ಕೇಪಿನ ಬಾಯಿಗೆ ಪುಟ್ಟ ಸೀಸದ ಗುಂಡು ಸಿಕ್ಕಿಸಿ, ಮನೆಯ ಹಜಾರದಲ್ಲಿ ಗುರಿ ಹೊಡೆಯುವ ವಿನೋದಕ್ಕೆ ಒದಗಿಸಿದ. ಅದರಲ್ಲಿ ಬೇರೆ ಮದ್ದೇ ಇರಲಿಲ್ಲ. ಕೇಪಿನ ಸಿಡಿತವೇ ಗುಂಡನ್ನು ತಳ್ಳುತ್ತಿತ್ತು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಇದಕ್ಕೆ ಕರಿಮದ್ದು ಸೇರಿಸಿ, 1857ರಲ್ಲಿ ತನ್ನ ಮೊದಲ ರಿವಾಲ್ವರಿಗಾಗಿ .22 ಶಾರ್ಟ್ ತಂದಿತು. 1871ರಲ್ಲಿ .22 ಲಾಂಗ್ ಬಂತು. 1887ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟೀವನ್ಸ್ ಕಂಪನಿ ಆ ಉದ್ದದ ತೋಟಾಕ್ಕೆ 40 ಗ್ರೇನ್, ಅಂದರೆ 2.6 ಗ್ರಾಂ ತೂಕದ ಗುಂಡು ಕೂರಿಸಿತು. ಇಂದಿನ ಲಾಂಗ್ ರೈಫಲ್ ಹುಟ್ಟಿದ್ದು ಹೀಗೆ.

ಇವೆಲ್ಲ ರಿಮ್‌ಫೈರ್ ತೋಟಾಗಳು. ಬಡಿದರೆ ಸಿಡಿಯುವ ಮದ್ದು ತಳದ ನಡುವೆ ಇರದೆ, ಸುತ್ತಲಿನ ಅಂಚಿನ ಮಡಿಕೆಯೊಳಗೆ ಇರುತ್ತದೆ. ಕೋವಿಯ ಬಡಿಗಡ್ಡಿ (ಫೈರಿಂಗ್ ಪಿನ್) ಆ ಅಂಚನ್ನು ಜಜ್ಜಬೇಕು. ಹಾಗಾಗಿ ತೋಟಾದ ಹಿತ್ತಾಳೆ ಚಿಪ್ಪು ತೆಳುವಾಗಿರಲೇಬೇಕು. ತೆಳು ಹಿತ್ತಾಳೆ ಹೆಚ್ಚು ಒತ್ತಡ ತಾಳದು. .22 ಲಾಂಗ್ ರೈಫಲ್‌ನ ಮಿತಿ ಚದರ ಇಂಚಿಗೆ 24,000 ಪೌಂಡ್. ನಡುವೆ ಕೇಪು ಇರುವ, ಅಂದರೆ ಸೆಂಟರ್‌ಫೈರ್ ಆದ .223 ರೆಮಿಂಗ್ಟನ್‌ನದು 55,000. 1860ರ ಹೆನ್ರಿ ರೈಫಲ್‌ನಲ್ಲಿ .44 ರಿಮ್‌ಫೈರ್ ತೋಟಾ ಇತ್ತಾದರೂ, ದೊಡ್ಡ ಅಳತೆಗಳೆಲ್ಲ ಕ್ರಮೇಣ ಸೆಂಟರ್‌ಫೈರ್‌ಗೆ ಹೊರಳಿದವು. ರಿಮ್‌ಫೈರ್‌ಗೆ ಉಳಿದದ್ದು ಸಣ್ಣ ಅಳತೆಗಳು ಮಾತ್ರ. ಅಲ್ಲಿ ಕಡಿಮೆ ಒತ್ತಡವೇ ವರವಾಯಿತು: ಅಗ್ಗದ ತೋಟಾ, ಹಗುರ ಕೋವಿ, ಹೆಗಲಿಗೆ ತಾಕದ ಒದೆತ, ಸಣ್ಣ ಸದ್ದು.

ವೇಗದ ಎಡವಟ್ಟು

ಕರಿಮದ್ದಿನ ಕಾಲದಲ್ಲಿ ನಳಿಕೆಯೊಳಗೆ ಮಸಿ ಕಟ್ಟುತ್ತಿತ್ತು. ಹೊಗೆರಹಿತ ಮದ್ದು ಬಂದ ಮೇಲೂ ಸಿಡಿಮದ್ದಿನ ಉಪ್ಪಿನಂಶ ತುಕ್ಕು ಹಿಡಿಸುತ್ತಿತ್ತು. 1920ರ ದಶಕದಲ್ಲಿ ರೆಮಿಂಗ್ಟನ್ ತುಕ್ಕು ತಾರದ ಮಿಶ್ರಣವನ್ನು ಮಾರುಕಟ್ಟೆಗೆ ತಂದಿತು. ಅದರ ಬೆನ್ನಿಗೇ ಅಧಿಕ ವೇಗದ .22 ಬಂತು. ಮಾಮೂಲಿ ಗುಂಡಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಇದರದು 375ರ ಆಸುಪಾಸು.

ವೇಗ ಹೆಚ್ಚಿದರೆ ಗುರಿಯೂ ಹದವಾದೀತು ಎಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಗುಂಡು ದಾರಿಯಲ್ಲಿ ಎಷ್ಟು ವೇಗ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಅಂಟಿಕೊಂಡಿದೆ. ಶಬ್ದದ ವೇಗಕ್ಕಿಂತ ತುಸು ಮೇಲೆ ಹೊರಟ ಗುಂಡು ಬಹಳ ಬೇಗ ಸೊರಗುತ್ತದೆ. ಆದ್ದರಿಂದ ಮೆಲ್ಲಗೆ ಹೊರಟ ಗುಂಡಿಗಿಂತ ಅದೇ ಹೆಚ್ಚು ವಾಲುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 10.4 ಮಿಲಿಮೀಟರ್. ಅಲ್ಲಿ ಬಳಸುವುದು ಶಬ್ದಕ್ಕಿಂತ ನಿಧಾನದ ತೋಟಾವನ್ನೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ .22ರಲ್ಲಿಯೇ. ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಕೊಡಗಿನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲೂ 12 ಬೋರ್ ಕೋವಿಯ ಜೊತೆಗೆ .22ಕ್ಕೆ ತನ್ನದೇ ವಿಭಾಗವಿರುತ್ತದೆ.

ಐವತ್ತು ಮೀಟರಿನಾಚೆ

ಬೇಟೆಯಲ್ಲಿ .22ರ ದೌರ್ಬಲ್ಯ ದೂರ. ಐವತ್ತು ಅರುವತ್ತು ಮೀಟರ್ ದಾಟಿತೆಂದರೆ ಗುಂಡು ಬೇಗ ಇಳಿಯುತ್ತದೆ, ಪೆಟ್ಟು ಕುಗ್ಗುತ್ತದೆ, ಪ್ರಾಣಿ ಗಾಯಗೊಂಡು ಓಡಿಹೋಗುವ ಅಪಾಯ ಹೆಚ್ಚುತ್ತದೆ. 1959ರಲ್ಲಿ ವಿಂಚೆಸ್ಟರ್ ತಂದ .22 ಮ್ಯಾಗ್ನಮ್ ಇದಕ್ಕೆ ಉತ್ತರ. ಅಷ್ಟೇ ತೂಕದ ಗುಂಡು ಸೆಕೆಂಡಿಗೆ 570 ಮೀಟರ್ ವೇಗದಲ್ಲಿ, ಲಾಂಗ್ ರೈಫಲ್‌ನ ಎರಡು ಪಟ್ಟಿಗೂ ಮಿಕ್ಕ ಶಕ್ತಿಯೊಂದಿಗೆ ಹೊರಟು, ನೂರು ಮೀಟರ್ ತಲುಪುವ ಭರವಸೆ ಕೊಟ್ಟಿತು.

2002ರಲ್ಲಿ ಹಾರ್ನಡಿ ಕಂಪನಿ ಇದೇ ಮ್ಯಾಗ್ನಮ್‌ನ ಕತ್ತು ಕಿರಿದಾಗಿಸಿ .17 ಎಚ್‌ಎಂಆರ್ ಮಾಡಿತು: 1.1 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 777 ಮೀಟರ್. ಶಕ್ತಿ ಮ್ಯಾಗ್ನಮ್‌ಗಿಂತ ಕಡಿಮೆ. ಹಾದಿ ಮಾತ್ರ ಹೆಚ್ಚು ನೇರ. ಪ್ಲಾಸ್ಟಿಕ್ ಮೂತಿಯ ಈ ಗುಂಡು ತಾಕಿದೊಡನೆ ಛಿದ್ರವಾಗುವುದರಿಂದ, ಸೀಸದ ಗಟ್ಟಿ ಗುಂಡಿನಂತೆ ಕಲ್ಲಿಗೆ ಬಡಿದು ಎತ್ತಲೋ ಚಿಮ್ಮುವುದು ಕಡಿಮೆ. ಬೆಳೆಗೆ ಕಾಟ ಕೊಡುವ ಬಿಲದ ಪ್ರಾಣಿಗಳಿಗೆ ಇದು ಹೇಳಿ ಮಾಡಿಸಿದ್ದು. ಅಡುಗೆಗೆಂದು ಮೊಲ ಹೊಡೆದವರಿಗೆ ಮಾಂಸ ಚಿಂದಿಯಾಗುವ ದೂರು. 2004ರಲ್ಲಿ ಬಂದ ಅದರ ತಮ್ಮ .17 ಮ್ಯಾಕ್ 2 ಅಷ್ಟಾಗಿ ನೆಲೆಯೂರಲಿಲ್ಲ.

ಇನ್ನೂ ದೂರ ಬೇಕೆಂದವರು ಸೆಂಟರ್‌ಫೈರ್‌ಗೆ ಹೋದರು: 1930ರ .22 ಹಾರ್ನೆಟ್, 1950ರ .222 ರೆಮಿಂಗ್ಟನ್, ಅದರ ವಂಶದ .223. ಸದ್ದು, ಖರ್ಚು ಎರಡೂ ಏರಿದವು. ಒಂದು ಅನುಕೂಲವೂ ದಕ್ಕಿತು: ಖಾಲಿ ತೋಟಾಕ್ಕೆ ಹೊಸ ಕೇಪು ಕೂರಿಸಿ ಮತ್ತೆ ತುಂಬಬಹುದು. ಒಮ್ಮೆ ಅಂಚು ಜಜ್ಜಿದ ರಿಮ್‌ಫೈರ್ ಅಲ್ಲಿಗೆ ಮುಗಿಯಿತು.

ಸೀಸದ ಪ್ರಶ್ನೆ

ಈಗಿನ ಒತ್ತಡ ಬೇರೆ ದಿಕ್ಕಿನದು. ಬೇಟೆಯ ಅವಶೇಷದೊಡನೆ ಸೀಸ ತಿಂದ ಕಾಂಡರ್ ಹದ್ದುಗಳು ಸಾಯುತ್ತಿದ್ದುದರಿಂದ, ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಸೀಸ ಬಿಟ್ಟು ತಾಮ್ರದ ಗುಂಡಿಗೆ ಬದಲಾಗುವುದು .22ಕ್ಕೆ ಸಲೀಸಲ್ಲ. ಅದರ ಗುಂಡು ಹಿತ್ತಾಳೆ ಚಿಪ್ಪಿನಷ್ಟೇ ದಪ್ಪ. ಸಪೂರ ಹಿಮ್ಮಡಿ ಮಾತ್ರ ಒಳಗೆ ಕೂರುತ್ತದೆ. ಮೆದು ಸೀಸಕ್ಕೆ ಒಗ್ಗಿದ ಈ ಹಳೇ ವಿನ್ಯಾಸವನ್ನು ಬಿಟ್ಟು, 2024ರಲ್ಲಿ ವಿಂಚೆಸ್ಟರ್ ತುಸು ಕಿರಿದಾದ .21 ಶಾರ್ಪ್ ತಂದಿತು. ಅದು ನಿಲ್ಲುತ್ತದೋ ಇಲ್ಲವೋ ಎನ್ನುವುದು ಅಂಗಡಿಯಲ್ಲಿ ತೀರ್ಮಾನವಾಗುವ ಮಾತು.

ಆಯ್ಕೆ

ಭಾರತದಲ್ಲಿ ಪ್ರಶ್ನೆಯ ಅರ್ಧ ಭಾಗವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವ್ಯಾಸದ ಬೇಟೆಗೆ ತೆರೆ ಎಳೆದಿದೆ, ಉಳಿದಿರುವುದು ಗುರಿ. ಬೇಟೆಗೆ ಅನುಮತಿಯಿರುವ ನಾಡುಗಳಲ್ಲಿ ಆಯ್ಕೆ ಹೀಗೆ ನಿಲ್ಲುತ್ತದೆ: ಗುರಿಹಲಗೆಗೂ ಐವತ್ತು ಮೀಟರಿನೊಳಗಿನ ಅಳಿಲು, ಮೊಲಗಳಿಗೂ ಲಾಂಗ್ ರೈಫಲ್; ನೂರು ಮೀಟರಿನವರೆಗೆ, ತುಸು ದೊಡ್ಡ ಪ್ರಾಣಿಗೆ ಮ್ಯಾಗ್ನಮ್; ಬಯಲಿನಲ್ಲಿ, ಮಾಂಸದ ಹಂಗಿಲ್ಲದಾಗ .17; ಅದರಾಚೆಗೆ ಸೆಂಟರ್‌ಫೈರ್. ಒಂದೇ ರೈಫಲ್ ಕೊಳ್ಳುವವರಿಗಾದರೆ ಲಾಂಗ್ ರೈಫಲ್ಲೇ ಸರಿ. ಮಿಕ್ಕವುಗಳ ತೋಟಾ ಹಲವು ಪಟ್ಟು ದುಬಾರಿ. ದುಬಾರಿಯಾದಷ್ಟೂ ಅಭ್ಯಾಸ ಕಡಿಮೆಯಾಗುತ್ತದೆ. ಸಣ್ಣ ಪ್ರಾಣಿಯ ತಲೆಗೇ ತಾಕಿಸಿ ಒಂದೇ ಈಡಿಗೆ ಬೀಳಿಸುವ ಕೈಯನ್ನು ಯಾವ ಕ್ಯಾಲಿಬರೂ ಪೆಟ್ಟಿಗೆಯಲ್ಲಿಟ್ಟು ಮಾರುವುದಿಲ್ಲ.