ದನಿಯಿಂದ ಅರ್ಥದವರೆಗೆ

ತಿಕೋಟಾ ಕಡೆಯ ಒಂದು ಸರಕಾರಿ ಶಾಲೆ. ಐದನೇ ಇಯತ್ತೆಯ ಹುಡುಗಿ ಎದ್ದು ನಿಂತು ಅರ್ಧ ಪುಟವನ್ನು ಎಲ್ಲಿಯೂ ತಡವರಿಸದೆ ಓದಿದಳು. ಅದರಲ್ಲಿ ಒಂದು ಸಾಲು: ‘ಮಳೆ ಬಾರದಿದ್ದುದರಿಂದ ರೈತನು ಬಿತ್ತನೆಯನ್ನು ಮುಂದೂಡಿದನು.’

“ರೈತ ಯಾಕ ಬಿತ್ತಲಿಲ್ಲವ್ವಾ?” ಎಂದು ಕೇಳಿದೆ. ಅವಳು ಆ ಸಾಲನ್ನೇ ಮತ್ತೊಮ್ಮೆ ಓದಿದಳು. “ಪುಸ್ತಕ ಮುಚ್ಚು, ನಿನ್ನ ಮಾತಿನಾಗ ಹೇಳು” ಅಂದರೆ ಸುಮ್ಮನಾದಳು. ಬೇರೆ ಮಾತು ತೆಗೆದು, “ನಿಮ್ಮ ಹೊಲದಾಗ ಈ ವರ್ಷ ಯಾವಾಗ ಬಿತ್ತಿದ್ರಿ?” ಎಂದೆ. “ಮಳೀನ ಬರಲಿಲ್ರಿ, ತಡಾ ಮಾಡಿ ಬಿತ್ತಿದ್ವಿ” ಅಂದಳು ಥಟ್ಟನೆ.

ಪುಸ್ತಕ ಹೇಳಿದ್ದನ್ನೇ ಅವಳೂ ಹೇಳಿದ್ದಳು. ಎರಡೂ ಒಂದೇ ಮಾತು ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಮಕ್ಕಳಿಗೆ ಮಳೆ ಬಾರದಿರುವುದನ್ನು ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದದ್ದು ‘ಬಾರದಿದ್ದುದರಿಂದ’ ಎಂಬ ಪದವನ್ನು. ಕ್ರಿಯೆ, ನಿರಾಕರಣೆ, ಕಾರಣ ಮೂರೂ ಅದೊಂದೇ ಪದದೊಳಗೆ ಮಡಿಚಿ ಕೂತಿವೆ. ಮನೆಯಲ್ಲಿ ಅದು ‘ಬರಲಿಲ್ಲಂತ’ ಎಂದು ಬಿಡಿಬಿಡಿಯಾಗಿ ಬರುತ್ತದೆ. ಓದಿದ್ದು ತಿಳಿಯದ ಮಕ್ಕಳಿಗೆ ನೆರವಾಗುವ ನಮ್ಮ ಪ್ರಯತ್ನಗಳು ಈ ಮಡಿಕೆಯನ್ನು ಬಿಡಿಸುವ ಹಂತಕ್ಕೆ ಬರಲು ಬಹಳ ವರ್ಷ ಹಿಡಿಯಿತು.

ಮುಂಬಯಿ ಪ್ರಾಂತದ ಕಾಲದಲ್ಲಿ ಈ ಸೀಮೆಗೆ ಇದ್ದ ಮೊದಲ ಚಿಂತೆ ಕನ್ನಡ ಶಾಲೆಯೇ ಬೇಕು ಎಂಬುದು. ಮರಾಠಿಯ ಪ್ರಾಬಲ್ಯದ ನಡುವೆ 1860ರ ದಶಕದಲ್ಲಿ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಎಲ್ಲರೂ ಬಲ್ಲ ಕಥೆ. ಶಾಲೆ ಬಂತು. ಓದು ಎಂದರೆ ಗಟ್ಟಿ ದನಿಯ ಓದು, ಬಾಯಿಪಾಠ, ಕೊನೆಗೆ ಮುಲ್ಕಿ ಪರೀಕ್ಷೆ. ತಪಾಸಣೆಗೆ ಸಾಹೇಬರು ಬಂದಾಗ ಹುಡುಗ ತಡವರಿಸದೆ ಓದಿದರೆ ಮಾಸ್ತರರ ಮಾನ ಉಳಿಯಿತು. ದನಿಯನ್ನು ಪರೀಕ್ಷಿಸುವ ಈ ರೂಢಿ ಇಂದಿಗೂ ಪೂರ್ತಿ ಹೋಗಿಲ್ಲ.

ಆದರೆ ಶಾಲೆಯ ಹೊರಗೆ ಇದೇ ನೆಲದಲ್ಲಿ ಬೇರೊಂದು ಪದ್ಧತಿಯಿತ್ತು. ಶ್ರಾವಣದಲ್ಲಿ ಮಠ, ಗುಡಿಗಳಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅದನ್ನು ಬಿಡಿಸಿ ಊರಿನ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಕೂತವರು ನಡುವೆ ಹೂಂಗುಟ್ಟುತ್ತಾರೆ. ಓದುವುದು ಬೇರೆ, ತಿಳಿಯುವುದು ಬೇರೆ, ಎರಡಕ್ಕೂ ಸಮಯ ಕೊಡಬೇಕು ಎಂಬುದು ಆ ಏರ್ಪಾಡಿನಲ್ಲೇ ಇದೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನವನ್ನು ಸಾವಿರಾರು ಜನ ಅಲುಗಾಡದೆ ಕೇಳುತ್ತಿದ್ದುದಕ್ಕೆ ಕಠಿಣವಾದದ್ದೂ ಆಡುಮಾತಿಗೆ ಇಳಿದು ಬರುತ್ತಿದ್ದುದೇ ಕಾರಣ. ಆ ‘ಅರ್ಥ ಹೇಳುವವರ’ ಜಾಗವನ್ನು ನಮ್ಮ ತರಗತಿಗಳು ಬಹುಕಾಲ ಖಾಲಿ ಬಿಟ್ಟವು ಎಂದು ನನಗೆ ಅನಿಸುತ್ತದೆ.

ಖಾಲಿ ಬಿಟ್ಟದ್ದು ನಾವಷ್ಟೇ ಅಲ್ಲ. 1978–79ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ ಡೊಲೊರೆಸ್ ಡರ್ಕಿನ್ ಅಲ್ಲಿಯ ತರಗತಿಗಳಲ್ಲಿ ಗಂಟೆಗಟ್ಟಲೆ ಕೂತು ನೋಡಿದ್ದರು. ಓದಿದ್ದನ್ನು ಅರ್ಥಮಾಡಿಕೊಳ್ಳುವುದು ಹೇಗೆಂದು ಕಲಿಸಲು ಶಿಕ್ಷಕರು ಕೊಡುತ್ತಿದ್ದ ಹೊತ್ತು ಒಟ್ಟು ಸಮಯದ ಶೇಕಡಾ ಒಂದರಷ್ಟೂ ಇರಲಿಲ್ಲ. ಪ್ರಶ್ನೆ ಕೇಳುವುದು, ಉತ್ತರ ತಿದ್ದುವುದೇ ಕಲಿಸುವಿಕೆಯಾಗಿತ್ತು. 1984ರಲ್ಲಿ ಪಾಲಿನ್ಸರ್ ಮತ್ತು ಬ್ರೌನ್ ಒಂದು ದಾರಿ ತೋರಿಸಿದರು: ಮಕ್ಕಳು ಸಣ್ಣ ಗುಂಪಿನಲ್ಲಿ ಸರದಿಯಂತೆ ಶಿಕ್ಷಕರಾಗಿ ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸುವುದು, ಸಾರ ಹೇಳುವುದು, ಮುಂದೇನು ಬರಬಹುದೆಂದು ಊಹಿಸುವುದು. ಪುರಾಣದ ಕಟ್ಟೆ ಕಂಡವರಿಗೆ ಇದು ಪೂರಾ ಹೊಸದೆನಿಸದು. 1986ರಲ್ಲಿ ಗಫ್ ಮತ್ತು ಟನ್ಮರ್ ಅಕ್ಷರ ಬಿಡಿಸುವ ಶಕ್ತಿ, ಮಾತು ತಿಳಿಯುವ ಶಕ್ತಿ ಎರಡರ ಗುಣಲಬ್ಧವೇ ಓದಿನ ಅರ್ಥ ಎಂದರು. ಗುಣಾಕಾರವಾದ್ದರಿಂದ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಫಲ ಸೊನ್ನೆ.

ಕನ್ನಡದ ಮಗುವಿನ ಓದನ್ನು ಕನ್ನಡದ ಲಿಪಿಯಿಂದಲೇ ನೋಡುವ ಕೆಲಸ ಮೈಸೂರಿನಲ್ಲಿ ಬೆಳೆಯಿತು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇದಕ್ಕೆ ನೆಲೆಯಾದವು. ಪ್ರತಿಭಾ ಕಾರಂತರು ಭಾರತೀಯ ಲಿಪಿಗಳ ಓದು ಇಂಗ್ಲಿಷಿನ ಅಳತೆಗೆ ಸಿಗುವುದಿಲ್ಲ ಎಂಬುದನ್ನು ಗಟ್ಟಿಯಾಗಿ ಮುಂದಿಟ್ಟವರಲ್ಲಿ ಒಬ್ಬರು. 1994ರಲ್ಲಿ ಜಿ. ಪುರುಷೋತ್ತಮ ಅವರು ಕನ್ನಡ ಓದನ್ನು ಪರೀಕ್ಷಿಸುವ ಒಂದು ಚೌಕಟ್ಟನ್ನೇ ಪ್ರಕಟಿಸಿದರು. 2007ರಲ್ಲಿ ಸೋನಾಲಿ ನಾಗ್ ತೋರಿಸಿದ ಸಂಗತಿಯಂತೂ ಪ್ರತಿ ಶಿಕ್ಷಕರಿಗೂ ಗೊತ್ತಿರಬೇಕು: ಕನ್ನಡದ ಮಗು ಕಾಗುಣಿತ, ಒತ್ತಕ್ಷರಗಳನ್ನೆಲ್ಲ ವಶಮಾಡಿಕೊಳ್ಳುವುದು ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಹಾಗಿದ್ದರೆ ಅಕ್ಷರ ಪೂರ್ತಿ ಮುಗಿಯಲಿ, ಆಮೇಲೆ ಅರ್ಥ ನೋಡೋಣ ಎಂದು ಕಾಯುವುದು ಮಗುವಿನ ನಾಲ್ಕು ವರ್ಷವನ್ನು ಕಳೆದಂತೆ.

ಶಾಲೆಯ ಕಡೆಯಿಂದ ಬಂದ ದೊಡ್ಡ ಬದಲಾವಣೆ ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಇದನ್ನು ಕಟ್ಟಿದರು. 2009–10ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅ, ಆ, ಇ, ಈ ಬಿಟ್ಟು ‘ರ ಗ ಸ ದ ಅ’ದಿಂದ ಶುರು. ಐದೇ ಅಕ್ಷರ ಬಂದರೂ ಅರಸ, ಅಗಸ, ಸರ ಎಂದು ಅರ್ಥವಿರುವ ಪದ ಕೈಗೆ ಸಿಗುತ್ತದೆ. ಕಲಿಕೆಯ ಮೊದಲ ವಾರಗಳಲ್ಲೇ ಅರ್ಥವನ್ನು ತಂದ ಈ ಆಲೋಚನೆಗೆ ನಾನು ತಲೆಬಾಗುತ್ತೇನೆ. ಆದರೆ ಅದು ಮೂರನೇ ತರಗತಿಗೆ ನಿಲ್ಲುತ್ತದೆ. ನಾಲ್ಕಕ್ಕೆ ಬಂದ ಮಗುವಿನ ಕೈಗೆ ಉದ್ದುದ್ದ ಪಾಠ, ಗ್ರಾಂಥಿಕ ವಾಕ್ಯ, ಪರಿಸರ ಅಧ್ಯಯನದ ಬಿಗಿಯಾದ ಗದ್ಯ ಒಮ್ಮೆಗೇ ಬಂದು ಬೀಳುತ್ತವೆ. ನಮ್ಮ ಮಕ್ಕಳು ಎಡವುವುದು ಈ ಹೊಸ್ತಿಲಲ್ಲೇ.

2005ರಲ್ಲಿ ಶುರುವಾದ ‘ಅಸರ್’ ಸಮೀಕ್ಷೆ ಮನೆಮನೆಗೆ ಹೋಗಿ ಮಕ್ಕಳಿಂದ ಅಕ್ಷರ, ಪದ, ಪ್ಯಾರಾ, ಕಥೆ ಓದಿಸಿತು. ಗ್ರಾಮೀಣ ಕರ್ನಾಟಕದ ಐದನೇ ತರಗತಿಯವರಲ್ಲಿ ಎರಡನೇ ತರಗತಿಯ ಕಥೆ ಓದಬಲ್ಲವರು 2018ರಲ್ಲಿ ಶೇಕಡಾ ಸುಮಾರು 46 ಇದ್ದರೆ, ಕೊರೋನಾದ ನಂತರ 2022ರಲ್ಲಿ ಸುಮಾರು 30ಕ್ಕೆ ಇಳಿದರು. ಓದಿನ ಬಗೆಗಿನ ಇಂಥ ಕಳವಳದ ನಡುವೆಯೇ ‘ಓದು ಕರ್ನಾಟಕ’, ‘ಕಲಿಕಾ ಚೇತರಿಕೆ’ಗಳಂಥ ಕಾರ್ಯಕ್ರಮಗಳು ಬಂದವು. ತರಗತಿ ಯಾವುದೇ ಇರಲಿ, ಮಗು ನಿಂತ ಮಟ್ಟದಿಂದ ಕಲಿಸು ಎಂಬುದು ‘ಓದು ಕರ್ನಾಟಕ’ದ ತಿರುಳು. ಅದರಿಂದ ಅನೇಕ ಮಕ್ಕಳ ಬಾಯಿ ಬಿಟ್ಟಿದೆ. ಆದರೂ ಇಲ್ಲಿ ಮುಖ್ಯವಾಗಿ ಅಳೆದದ್ದು ಸರಾಗ ಓದನ್ನು. ಆ ತಿಕೋಟಾ ಕಡೆಯ ಹುಡುಗಿ ‘ಅಸರ್’ ಪರೀಕ್ಷೆಯಲ್ಲಿ ‘ಕಥೆ’ಯ ಮಟ್ಟದಲ್ಲಿ ಪಾಸಾಗುತ್ತಾಳೆ.

ಬರವಣಿಗೆಯ ಪರೀಕ್ಷೆಯೂ ಅವಳನ್ನು ಹಿಡಿಯಲಾರದು. ಒಂದು ಹುಸಿ ವಾಕ್ಯ ನೋಡಿ: ‘ಗೂಬಲನು ತಿಮ್ಮಡಿಯನ್ನು ಜೋಡರದಲ್ಲಿ ಪೊಣಗಿಸಿದನು.’ ಯಾರು ಪೊಣಗಿಸಿದರು? ಗೂಬಲನು. ಎಲ್ಲಿ? ಜೋಡರದಲ್ಲಿ. ಒಂದಕ್ಷರ ತಿಳಿಯದೆ ಪೂರ್ತಿ ಅಂಕ! ಕನ್ನಡದ ವಿಭಕ್ತಿ ಪ್ರತ್ಯಯಗಳು ಕರ್ತೃ, ಕರ್ಮ, ಸ್ಥಳವನ್ನು ಬೆರಳಿಟ್ಟು ತೋರಿಸುವುದರಿಂದ ಈ ಬಗೆಯ ಪ್ರಶ್ನೆ ನಮ್ಮಲ್ಲಿ ಇನ್ನೂ ಸಲೀಸು. ಪಾಠದ ಕೊನೆಯ ಪ್ರಶ್ನೆಗಳಲ್ಲಿ ಹೆಚ್ಚಿನವು ಇಂಥವೇ. ‘ಯಾಕೆ ಹಾಗೆ ಮಾಡಿದ?’, ‘ನೀನಾಗಿದ್ದರೆ?’ ಎಂದು ಕೇಳಿದರೆ ಮಾತ್ರ ನಕಲು ನಿಲ್ಲುತ್ತದೆ.

ನಮ್ಮ ಭಾಗಕ್ಕೆ ಹತ್ತಿರದ ದೊಡ್ಡ ಅಧ್ಯಯನ ಯಾದಗಿರಿಯದು. ಶೈಲಜಾ ಮೆನನ್ ಮತ್ತು ಸಂಗಡಿಗರು ಕೆಲವು ವರ್ಷ ಯಾದಗಿರಿಯ ಕನ್ನಡ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾದ ಮರಾಠಿ ಮಕ್ಕಳನ್ನೂ ಹಿಂಬಾಲಿಸಿದರು. ಲಿಪಿಯನ್ನು ಬಿಡಿಬಿಡಿಯಾಗಿ ತಿದ್ದಿಸುವುದರಲ್ಲೇ ತರಗತಿಯ ಹೊತ್ತು ಕಳೆದು, ಮಾತುಕತೆ, ಕಥೆ, ಅರ್ಥ ಬದಿಗೆ ಸರಿಯುವುದನ್ನು ಅವರ ವರದಿ ವಿವರವಾಗಿ ದಾಖಲಿಸಿತು.

ಇದಕ್ಕೆ ನಮ್ಮ ಮೂರು ತಾಲ್ಲೂಕುಗಳ ಭಾಷೆಯ ತೊಡಕನ್ನೂ ಸೇರಿಸಬೇಕು. ಮನೆಯಲ್ಲಿ ಉಳ್ಳಾಗಡ್ಡಿ, ಪುಸ್ತಕದಲ್ಲಿ ಈರುಳ್ಳಿ. ಮನೆಯಲ್ಲಿ ತತ್ತಿ, ಅಲ್ಲಿ ಮೊಟ್ಟೆ. ಇಲ್ಲಿ ಸೇಂಗಾ, ಅಲ್ಲಿ ಕಡಲೆಕಾಯಿ. ಮಾವಿನ ಗಿಡ ಎಂದರೆ ನಮಗೆ ದೊಡ್ಡ ಮರವೇ. ಪುಸ್ತಕಕ್ಕೆ ಅದು ಎಳೆಯ ಸಸಿ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ನಗರದ ಅನೇಕ ಓಣಿಗಳಲ್ಲಿ ಉರ್ದು, ಜತ್ತ ಕಡೆಯ ಗಡಿಯಲ್ಲಿ ಮರಾಠಿಯ ಬೆರಕೆ. ಮಗುವಿನ ಪದವನ್ನು ‘ತಪ್ಪು’ ಎಂದು ಅಳಿಸುವ ಬದಲು ಹಲಗೆಯ ಮೇಲೆ ಎರಡನ್ನೂ ಅಕ್ಕಪಕ್ಕ ಬರೆಯುವ ಶಿಕ್ಷಕಿಯರನ್ನು ನಾನು ಕಂಡಿದ್ದೇನೆ. ಅವರ ತರಗತಿಯಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೆ.

ಮೊದಲೇ ಗೊತ್ತಿರುವ ವಿಷಯದ ಬಲ ಎಷ್ಟೆಂದು 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ತೋರಿಸಿದ್ದರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದವರಿಗಿಂತ ಚೆನ್ನಾಗಿ ಆ ಆಟದ ಗದ್ಯವನ್ನು ಗ್ರಹಿಸಿದರು. ನಮ್ಮಲ್ಲಿ ದ್ರಾಕ್ಷಿಯಿದೆ. ಬಳ್ಳಿ ಸವರುವ ಚಾಟನಿ, ಔಷಧ ಹೊಡೆಯುವುದು, ಮಣೂಕ ಒಣಗಿಸುವುದು ತಿಕೋಟಾದ ಮಗುವಿಗೆ ಕಣ್ಣೆದುರಿನ ಕೆಲಸ. ಬಬಲೇಶ್ವರದ ಮಗುವಿಗೆ ಮಮದಾಪುರದ ಕೆರೆ ಗೊತ್ತು. ಅಂಥ ಗದ್ಯದಿಂದ ಶುರುಮಾಡಿ, ಅಲ್ಲಿಂದ ಸಮುದ್ರ, ಹಿಮ, ಕಾರ್ಖಾನೆಗಳ ಗದ್ಯಕ್ಕೆ ದಾಟಿಸಬಹುದು.

ಎಲ್ಲ ತೊಡಕೂ ಕಲಿಸುವಿಕೆಯದಲ್ಲ. ಅಕ್ಷರವೇ ಕಣ್ಣಮುಂದೆ ತಪ್ಪಿಸಿಕೊಳ್ಳುವ ಮಕ್ಕಳಿದ್ದಾರೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಅಂಥ ಮಗುವನ್ನು ‘ದಡ್ಡ’ ಎಂದು ಹಿಂದಿನ ಸಾಲಿಗೆ ಕೂರಿಸುವುದು ಅನ್ಯಾಯ. ಆದರೆ ಸರಾಗ ಓದಿಯೂ ತಿಳಿಯದ ಮಗು ಬೇರೆ. ಶಾಲೆ ಇವರಿಬ್ಬರನ್ನೂ ಒಂದೇ ‘ಪರಿಹಾರ ಬೋಧನೆ’ಗೆ ತಳ್ಳಿ ಇಬ್ಬರಿಗೂ ಕಾಗುಣಿತ ಬರೆಸುತ್ತದೆ. ಎರಡನೆಯ ಮಗುವಿಗೆ ಬೇಕಾದದ್ದು ಮಾತು, ಕಥೆ, ಪುಸ್ತಕ. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂದದ್ದು ಈ ಕಾರಣಕ್ಕೆ ದೊಡ್ಡ ಹೆಜ್ಜೆ.

2021ರ ಜುಲೈಯಲ್ಲಿ ಬಂದ ‘ನಿಪುಣ್ ಭಾರತ್’, 2026–27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ತಿಳಿದು ಓದಬೇಕು ಎನ್ನುತ್ತದೆ. ‘ತಿಳಿದು’ ಎಂಬ ಮಾತು ಗುರಿಯೊಳಗೇ ಸೇರಿದೆ. ಆದರೆ ದೀಪಾವಳಿಯ ಹೊತ್ತಿಗೆ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟ ಗಾಡಿಗಳಲ್ಲಿ ಮಕ್ಕಳೂ ಕೂತಿರುತ್ತಾರೆ. ಅವರು ಮರಳುವಷ್ಟರಲ್ಲಿ ಬೇಸಗೆ ಹತ್ತಿರ ಬಂದಿರುತ್ತದೆ, ಪಾಠ ಹತ್ತು ಮುಂದೆ ಹೋಗಿರುತ್ತದೆ.

ಆ ಹುಡುಗಿಯೊಂದಿಗೆ ಆ ದಿನ ಇನ್ನರ್ಧ ಗಂಟೆ ಕೂತೆ. ‘ಬಾರದಿದ್ದುದರಿಂದ’ವನ್ನು ಹಲಗೆಯ ಮೇಲೆ ತುಂಡು ಮಾಡಿ ಬರೆದೆವು. ಕೆಳಗೆ ‘ಬರಲಿಲ್ಲಂತ’ ಎಂದು ಬರೆದಳು. ಹೊರಡುವಾಗ ಹಿಂದಿನಿಂದ ಕೂಗಿದಳು: “ಸರ್, ‘ಹೋಗದಿದ್ದುದರಿಂದ’ ಅಂದ್ರ ‘ಹೋಗಲಿಲ್ಲಂತ’ ಹೌದಲ್ರಿ?”