ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರ್: ಸರಿಯಾದ ಸೈಜ್ ಆರಿಸುವುದು ಹೇಗೆ?

ಕ್ಲಾಸಿಕ್ ಸ್ಪೋರ್ಟ್ಸ್ ಕಾರು ಕೊಂಡ ಹಲವರು ಮೊದಲು ಕೈಹಾಕುವುದೇ ಚಕ್ರಗಳಿಗೆ. ಅಗಲ ಟೈರ್ ಹಾಕಿದರೆ ಕಾರಿನ ಗತ್ತು ಹೆಚ್ಚುತ್ತದೆ ನಿಜ. ಆದರೆ ಸೈಜ್ ತಪ್ಪಿದರೆ ಸ್ಟೀರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ಬ್ರಿಟನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರನ್ನೇ ಉದಾಹರಣೆಯಾಗಿ ನೋಡೋಣ.

ಒಟ್ಟು ಎತ್ತರ ಬದಲಾಗಬಾರದು

ಎಂಜಿಬಿಯದು 14 ಇಂಚಿನ ಚಕ್ರ. ಇದಕ್ಕೆ ಹೊಂದುವ 165/80 ಆರ್14 ಟೈರ್‌ನಲ್ಲಿ 165 ಎಂಬುದು ಮಿ.ಮೀ. ಲೆಕ್ಕದ ಅಗಲ. ಟೈರ್‌ನ ಪಕ್ಕದ ಗೋಡೆಯ ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ. ಮೇಲೆ ಮತ್ತು ಕೆಳಗೆ ಸೇರಿ 264, ಜೊತೆಗೆ ರಿಮ್‌ನ 356 ಕೂಡಿದರೆ ಒಟ್ಟು 620 ಮಿ.ಮೀ.

185/70 ಆರ್14 ಟೈರ್‌ನ ಎತ್ತರ 615 ಮಿ.ಮೀ. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ, ತೊಂದರೆಯಿಲ್ಲ. ಆದರೆ 185/60 ಆರ್14 ಹಾಕಿದರೆ ಎತ್ತರ 578ಕ್ಕೆ ಇಳಿಯುತ್ತದೆ. ಕಾರು 21 ಮಿ.ಮೀ. ಕೆಳಗಿಳಿದು ಹಂಪ್‌ಗಳಿಗೆ ತಾಗಬಹುದು. ಸ್ಪೀಡೋಮೀಟರ್ 100 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 93 ಇರುತ್ತದೆ.

ರಿಮ್ ಅಗಲವನ್ನೂ ಅಳೆಯಿರಿ

ಆರಂಭದ ಎಂಜಿಬಿಗಳ ಉಕ್ಕಿನ ರಿಮ್ ಅಗಲ 4 ಇಂಚು ಮಾತ್ರ. 185 ಅಗಲದ ಟೈರ್‌ಗೆ ಇದು ಸಾಲದು. ಹಿಸುಕಿದಂತೆ ಕೂತ ಟೈರ್ ತಿರುವಿನಲ್ಲಿ ಓಲಾಡುತ್ತದೆ. ಕಡ್ಡಿ ಚಕ್ರಗಳಿದ್ದರೆ ಟ್ಯೂಬ್ ಮರೆಯಬೇಡಿ. ಕಡ್ಡಿಗಳ ತುದಿ ರಿಮ್ ಒಳಗೆ ಬರುವುದರಿಂದ ಅಲ್ಲಿ ಗಾಳಿ ಸೋರುತ್ತದೆ.

ಹಳೆಯ ಕ್ರಾಸ್‌ಪ್ಲೈ ಹಾಗೂ ರೇಡಿಯಲ್ ಟೈರ್‌ಗಳನ್ನು ಬೆರೆಸಬೇಡಿ. ಎರಡರ ಹಿಡಿತ ಬೇರೆಯಾಗಿರುವುದರಿಂದ ಕಾರು ನಿಯಂತ್ರಣ ತಪ್ಪಬಹುದು. ನಾಲ್ಕೂ ಒಂದೇ ಬಗೆಯದಿರಲಿ.

ಗೀರು ಮಾತ್ರವಲ್ಲ, ವಯಸ್ಸನ್ನೂ ನೋಡಿ

ಕ್ಲಾಸಿಕ್ ಕಾರುಗಳು ಓಡುವುದು ಕಡಿಮೆ. ಹೀಗಾಗಿ ಟೈರ್ ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ. ಗೀರುಗಳು ಆಳವಾಗಿದ್ದರೂ ಮಳೆಯಲ್ಲಿ ಬ್ರೇಕ್ ಹಾಕಿದಾಗ ಕಾರು ಜಾರುತ್ತದೆ. ಟೈರ್ ಪಕ್ಕದಲ್ಲಿರುವ ನಾಲ್ಕು ಅಂಕಿಗಳ ಸಂಖ್ಯೆ ನೋಡಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಪಕ್ಕದಲ್ಲಿ ಬಿರುಕು ಕಂಡರೆ ಅಥವಾ 10 ವರ್ಷ ದಾಟಿದ್ದರೆ ಬದಲಿಸುವುದೇ ಒಳಿತು.

ಹೊಸ ಟೈರ್ ಹಾಕಿಸಿದ ಮೇಲೆ ಸ್ಟೀರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಂಡೇ ರಸ್ತೆಗಿಳಿಯಿರಿ. ಹಳೆಯ ರಿಮ್‌ಗಳನ್ನು ಮಾತ್ರ ಮಾರಬೇಡಿ, ಮುಂದೆ ಅವೇ ಬೇಕಾಗಬಹುದು.